ಯೋಗ್ಯತಾಪತ್ರವೂ ಯೋಗ್ಯತೆಯೂ

ನಮ್ಮ ತಮ್ಮನ ಮಗಳು ಬೆಂಗಳೂರಿನ ಒಂದು ಕಂಪೆನಿಯಲ್ಲಿ, ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿರುವಳು. ಸೇರಿ ಎರಡು ವರ್ಷವಾಯಿತು. ಯುಗಾದಿಗೆ ಮನೆಗೆ ಬಂದವಳು, ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯನ್ನು ನಮ್ಮ ಮುಂದಿಟ್ಟು, “ದೊಡ್ಡಪ್ಪ, ಅಮೆರಿಕದವರ ಒಂದು ಪರೀಕ್ಷೆಯಿದೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಈ ಕಸಬಿನಲ್ಲಿ ಮೇಲೆ ಬರುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಕೂಡಿಟ್ಟ ಹಣವನ್ನು ಅದಕ್ಕೆ ಕಟ್ಟಿಬಿಡಲೇ?” ಎಂದು ಕೇಳಿದಳು.

ನಾವೂ ಇದೇ ಕಸಬಿನಲ್ಲಿ ತಲೆ ನರೆಸಿಕೊಂಡವರು. ಆದುದರಿಂದ ಪತ್ರದ ಪರವಾಗಿ ಹೇಳತಕ್ಕುದನ್ನು ಮೊದಲು ಹೇಳಿದೆವು. 1948ರ ಕಾರ್ಖಾನೆಗಳ ಕಾಯಿದೆಯು, ಐನೂರು ಮಂದಿ ಅಥವಾ ಅದಕ್ಕೆ ಮೇಲ್ಪಟ್ಟು ಕಾರ್ಮಿಕರಿದ್ದ ಕಾರ್ಖಾನೆಗಳಲ್ಲಿ ಕ್ಷೇಮಾಧಿಕಾರಿಗಳಿರಬೇಕೆಂದು ವಿಧಿಸಿ, ಅವರ ಅರ್ಹತೆಯನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು. ನಮಗೆ ಮೊದಲ ಕೆಲಸ ದೊರೆತುದು ಒಂದು ಡಿಪ್ಲೊಮದ ಬಲದಿಂದಲೇ. ಆದರೆ ವೈದ್ಯರಿಗೂ ವಕೀಲರಿಗೂ ಇರುವಂತೆ, ಜನರನ್ನು ಆರಿಸುವವರಿಗೆ ಸನ್ನದು ಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಅಮೆರಿಕದ ಎಸ್.ಎಚ್.ಆರ್.ಎಂ. ಸಂಘವು 2015ರಿಂದ ನಡೆಸುತ್ತಿರುವ ಪರೀಕ್ಷೆಯಲ್ಲಿ ಆಯ್ಕೆಯ ಕೆಲಸವು ಅನೇಕ ವಿಷಯಗಳಲ್ಲಿ ಒಂದು ಮಾತ್ರ. ತೇರ್ಗಡೆಯಾದವರು ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಲೂಬೇಕು. ಹೊಸ ಬಾಗಿಲನ್ನು ತಟ್ಟುವಾಗ ಅಂತಹ ಪತ್ರ ಕೈಯಲ್ಲಿದ್ದರೆ ಒಳ್ಳೆಯದೇ. ಒಳಗೆ ಹೋದ ಮೇಲೆ ನೆಚ್ಚಬೇಕಾದುದು ಬೇರೆ.

ಅದೇನೆಂಬುದನ್ನು ನಾವು ತಡವಾಗಿ ಕಲಿತೆವು. 1986ರಲ್ಲಿ, ನಾವಿದ್ದ ಕಾರ್ಖಾನೆಯಲ್ಲಿ ಲೇತಿನ ಕೆಲಸಗಾರರು ಬೇಕಾಗಿದ್ದರು. ಐ.ಟಿ.ಐ. ಪತ್ರ ಕಡ್ಡಾಯವೆಂದು ಪ್ರಕಟಣೆಯಲ್ಲಿ ಬರೆದವರು ನಾವೇ. ಸುಮಾರು ಮೂವತ್ತರ ಪ್ರಾಯದವನೊಬ್ಬ ತುಮಕೂರಿನ ಕಡೆಯಿಂದ ಬಂದಿದ್ದ. ಹತ್ತು ವರ್ಷ ಸಣ್ಣ ವರ್ಕ್‌ಷಾಪಿನಲ್ಲಿ ದುಡಿದಿದ್ದ, ಪತ್ರವಿರಲಿಲ್ಲ. “ಒಂದು ಕಬ್ಬಿಣದ ತುಂಡು ಕೊಡಿಸಿ ಸ್ವಾಮಿ, ಲೇತಿಗೆ ಹಾಕಿ ತೋರಿಸುತ್ತೇನೆ” ಎಂದ. ಲೇತು ಇದ್ದುದು ನಮ್ಮ ಕೊಠಡಿಯಿಂದ ಐವತ್ತು ಹೆಜ್ಜೆಯ ದೂರದಲ್ಲಿ. ನಾವು ನಿಯಮವನ್ನು ಓದಿ ಹೇಳಿದೆವು. ಆತ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಕೈಮುಗಿದು ಹೋದ. ನಮ್ಮ ಡಿಪ್ಲೊಮ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಆ ಐವತ್ತು ಹೆಜ್ಜೆಗಳನ್ನು ನಡೆಯಬೇಕೆಂದು ಅದು ನಮಗೆ ಕಲಿಸಿರಲಿಲ್ಲ.

ಆ ಸ್ಥಳಕ್ಕೆ ಬಂದವನು ಕೆಟ್ಟ ಕೆಲಸಗಾರನೇನೂ ಅಲ್ಲ. ಆದರೂ ಆ ಮಾತು ನಮ್ಮ ಕಿವಿಯಲ್ಲಿ ಉಳಿಯಿತು. 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ವಿದ್ವಾಂಸರು ಎಂಬತ್ತೈದು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಕೆಲಸವನ್ನೇ ಮಾಡಿಸಿ ನೋಡುವುದೂ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಿಂದ ತೂಗುವ ಸಂದರ್ಶನವೂ, ಓದಿದ ವರ್ಷಗಳ ಲೆಕ್ಕಕ್ಕಿಂತ ಬಹಳ ಮೇಲೆಂದು ಕಂಡರು. 2022ರಲ್ಲಿ ಸ್ಯಾಕೆಟ್ ಮೊದಲಾದವರು ಆ ಅಂಕಗಳನ್ನು ತಿದ್ದಿ ಕೆಲವನ್ನು ತಗ್ಗಿಸಿದರೂ, ಅಂತಹ ಸಂದರ್ಶನವನ್ನು ಅಗ್ರಸ್ಥಾನದಲ್ಲಿಯೇ ನಿಲ್ಲಿಸಿದರು. ಲೇತಿನವನು ನಮ್ಮನ್ನು ಕೇಳಿದ್ದೂ ಇಷ್ಟೇ.

ಆದುದರಿಂದ ಹುಡುಗಿಗೆ ಹೀಗೆಂದೆವು: “ನೋಡಮ್ಮ, ಕಂಪೆನಿಯವರೇ ಹಣ ಕಟ್ಟುವುದಾದರೆ ಸಂತೋಷದಿಂದ ಓದು, ಓದಿದ್ದು ವ್ಯರ್ಥವಾಗದು. ನಿನ್ನ ಗಂಟಿನಿಂದಲೇ ಕಟ್ಟಬೇಕಾದರೆ, ನೀನು ಸೇರಬೇಕೆಂದಿರುವ ಕಡೆ ಆ ಪತ್ರವನ್ನು ಕೇಳುತ್ತಾರೆಯೇ ಎಂದು ಮೊದಲು ವಿಚಾರಿಸು. ಕೇಳದಿದ್ದರೆ ಅವಸರ ಬೇಡ. ನೀನು ಆರಿಸಿದವರು ವರ್ಷವಾದ ಮೇಲೆ ಹೇಗಿದ್ದಾರೆ, ಬಿಟ್ಟವರನ್ನು ಏಕೆ ಬಿಟ್ಟೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡು. ಪರರ ಪತ್ರಗಳನ್ನು ತೂಗುವವರು ತಮ್ಮ ಪತ್ರದ ತೂಕವನ್ನೂ ಅರಿತಿರಬೇಕು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಲೇತಿನವರು ಆಮೇಲೆ ಏನಾದರು ದೊಡ್ಡಪ್ಪ?” ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಆತನ ವಿಳಾಸವು ಅರ್ಜಿಯಲ್ಲಿತ್ತು. ಅರ್ಜಿಯನ್ನು ನಾವು ಹಿಂದಕ್ಕೆ ಕೊಟ್ಟುಬಿಟ್ಟಿದ್ದೆವು.