ನೀಲಿ ಜೋಡಿ

2020ರ ಮಾರ್ಚ್ ಮೂರನೇ ವಾರ ಲ್ಯಾಪ್‌ಟಾಪು ಮತ್ತು ನಾಲ್ಕು ಟೀ ಶರ್ಟು ಹಿಡ್ಕೊಂಡು ಸಾಗರದ ಹತ್ತಿರದ ನಮ್ಮ ಮನೆಗೆ ಬಂದಾಗ, ಹೆಚ್ಚಂದ್ರೆ ಹದಿನೈದು ದಿನ ಅಂತ ನಾನೂ ಅಂದ್ಕೊಂಡಿದ್ದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ, ಇನ್ನೂ ಪ್ರೊಬೇಷನ್. ಮನೇಲಿದ್ದ ಮೇಜು ಒಂದೇ, ಅದು ಅಟ್ಟದ ಮೇಲೆ. ಅಪ್ಪ ಅಡಿಕೆ ಲೆಕ್ಕ ಬರೆಯೋ ಮೇಜು. ಅದರ ಅರ್ಧ ನನಗೆ ಬಿಟ್ಟುಕೊಟ್ರು.

ನೆಟ್ ಇದ್ದಿದ್ದು ಮಾತ್ರ ಕೆಳಗೆ, ಜಗಲಿಯಲ್ಲಿ. ಲ್ಯಾಂಡ್‌ಲೈನ್ ಕಂಬದಿಂದ ಬರೋದು ಅಲ್ಲಿಗೆ. ಹಾಗಾಗಿ ಮೋಡೆಮ್ಮೂ ಅಲ್ಲೇ, ಫೋನೂ ಅಲ್ಲೇ, ಗೋಡೆಯ ಗೂಡಿನಲ್ಲಿ. ನಮ್ಮದು ಹಳೇ ಹಂಚಿನ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬೇಸಿಗೇಲಿ ತಂಪಾಗಿರುತ್ತೆ ಅಂತ ನೆಂಟರೆಲ್ಲ ಹೊಗಳೋ ಆ ಗೋಡೆ ವೈಫೈಯನ್ನ ಜಗಲಿಯಲ್ಲೇ ಕೂರಿಸಿಬಿಟ್ಟಿತು. ಅಟ್ಟದಲ್ಲಿ ಒಂದು ಕಡ್ಡಿ ಕಂಡ್ರೆ ಹಬ್ಬ. ಮೊದಲ ವಾರ ಜಗಲಿಯಲ್ಲೇ, ಅಡಿಕೆ ಚೀಲಕ್ಕೆ ಒರಗಿಕೊಂಡು ಮೀಟಿಂಗ್ ಮಾಡಿದೆ. ಹಿಂದೆ ಅಮ್ಮ ಹಪ್ಪಳದ ಹಿಟ್ಟು ಕುಟ್ಟೋ ಸದ್ದು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಫೋನ್ ರಿಂಗ್ ಆದ್ರೆ ಸಾಕು, ನೆಟ್ ಢಮಾರ್. ನಾನು ಮಾತಾಡ್ತಿದ್ದ ಮುಖಗಳೆಲ್ಲ ಬಾಯಿ ಅರ್ಧ ತೆರೆದು ನಿಂತುಬಿಡ್ತಿದ್ವು. ಮತ್ತೆ ಮೋಡೆಮ್ಮಿನ ಹಸಿರು ದೀಪ ಹತ್ತೋಕೆ ಎರಡು ನಿಮಿಷ. ಹೀಗೆ ದಿನಕ್ಕೆ ನಾಲ್ಕೈದು ಸಲ. ಅಪ್ಪ ಮೊಬೈಲ್ ಹಿಡಿಯದ ಮನುಷ್ಯ. ಅವರ ಕಡೆಯವರೆಲ್ಲ ಲ್ಯಾಂಡ್‌ಲೈನಿಗೇ ಮಾಡೋದು. ಲಾಕ್‌ಡೌನಲ್ಲಿ ಎಲ್ಲರಿಗೂ ಎಲ್ಲರ ನೆನಪೂ ಬಂದುಬಿಟ್ಟಿತ್ತು ಬೇರೆ.

ನಾನು ಮಾಡಿದ ಉಪಾಯ ಏನಪ್ಪಾ ಅಂದ್ರೆ, ಮುಖ್ಯ ಮೀಟಿಂಗ್ ಇದ್ದಾಗ ಫೋನಿನ ಪಿನ್ನು ಕಿತ್ತಿಡೋದು. ನಮ್ಮ ಕಡೆ ಗುಡುಗು ಶುರುವಾದ್ರೆ ಎಲ್ಲರ ಮನೇಲೂ ಪಿನ್ನು ಕೀಳ್ತಾರೆ. ಹಾಗಾಗಿ ಅದೇನೂ ದೊಡ್ಡ ಅಪರಾಧ ಅನ್ನಿಸಲಿಲ್ಲ. ಅಪ್ಪನಿಗೆ ಹೇಳಲಿಲ್ಲ. ತೋಟಕ್ಕೆ ಹೋಗಿರ್ತಿದ್ರು, ಅವರು ಬರೋದ್ರೊಳಗೆ ವಾಪಸ್ ಹಾಕಿಬಿಡ್ತಿದ್ದೆ.

ಏಪ್ರಿಲಲ್ಲಿ ಒಂದು ಸಂಜೆ ಹುಬ್ಬಳ್ಳಿಯಿಂದ ಫೋನ್ ಬಂತು. ಅಪ್ಪನ ಹೈಸ್ಕೂಲ್ ಗೆಳೆಯ, ನಾನು ಮಾಮ ಅಂತ ಕರೀತಿದ್ದವರು, ಹಿಂದಿನ ರಾತ್ರಿ ಹೋಗಿಬಿಟ್ಟಿದ್ರು. ಮಾಡಿದ್ದು ಅವರ ಮಗ. ಅಪ್ಪ ಹೂಂ, ಹೂಂ ಅಂತ ಕೇಳಿಸ್ಕೊಳ್ತಾ ನಿಂತಿದ್ರು. ರಿಸೀವರ್ ಇಟ್ಟ ಮೇಲೆ ಅಮ್ಮನ ಹತ್ರ ಅಂದ್ರು, 'ಬುಧವಾರ ಹನ್ನೊಂದು ಗಂಟೆಗೆ ಎರಡು ಸಲ ಮಾಡಿದ್ದನಂತೆ. ರಿಂಗ್ ಆಗ್ತಾನೇ ಇತ್ತಂತೆ, ಯಾರೂ ಎತ್ತಲಿಲ್ಲವಂತೆ.'

ಇಲ್ಲಿ ಪಿನ್ನು ಕಿತ್ತಿದ್ರೂ ಎಕ್ಸ್‌ಚೇಂಜಿಗೆ ಅದು ಗೊತ್ತಾಗಲ್ಲ. ಅದು ರಿಂಗ್ ಕಳಿಸ್ತಾನೇ ಇರುತ್ತೆ, ಆ ಕಡೆಯವರಿಗೆ ಟ್ರಿಣ್ ಟ್ರಿಣ್ ಕೇಳ್ತಾನೇ ಇರುತ್ತೆ. ರಿಸೀವರ್ ಕೆಳಗಿಟ್ಟಿದ್ರೆ ಎಂಗೇಜ್ ಅಂತಾದ್ರೂ ಬರ್ತಿತ್ತು, ಮನೇಲಿ ಜನ ಇದ್ದಾರೆ, ಆಮೇಲೆ ಮಾಡೋಣ ಅಂದ್ಕೋತಿದ್ರು. ಬುಧವಾರ ಹನ್ನೊಂದು ಗಂಟೆ ನಮ್ಮ ಟೀಮಿನ ವಾರದ ರಿವ್ಯೂ. ಅವತ್ತು ನೆಟ್ ಒಂದು ಸಲವೂ ಕಟ್ ಆಗಿರಲಿಲ್ಲ, ಮ್ಯಾನೇಜರ್ ಹೊಗಳಿದ್ರು ಕೂಡ.

ಆ ರಾತ್ರಿ ಕೂತು, ಮೊದಲೇ ಓದಬೇಕಿದ್ದನ್ನ ಓದಿದೆ. ಒಂದೇ ಜೊತೆ ತಾಮ್ರದ ತಂತಿಯಲ್ಲಿ ಮಾತೂ ಬರುತ್ತೆ, ನೆಟ್ಟೂ ಬರುತ್ತೆ. ಮಾತಿಗೆ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಜಾಗ ಸಾಕು, ನೆಟ್ ಓಡೋದು 25ರಿಂದ ಮೇಲೆ. ಎರಡನ್ನೂ ಬೇರೆ ಮಾಡೋಕೆ ನಡುವೆ ಸ್ಪ್ಲಿಟ್ಟರ್ ಅನ್ನೋ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳೀ ಡಬ್ಬಿ ಇರಬೇಕು. ನಮ್ಮದು ಎಂದೋ ಸಿಡಿಲಿಗೆ ಸುಟ್ಟುಹೋಗಿ, ಯಾರೋ ತಂತಿಗೆ ತಂತಿ ಸುತ್ತಿ ಟೇಪ್ ಹಾಕಿ ಹೋಗಿದ್ರು. ಇಷ್ಟೇ ವಿಷಯ. ಒಂದು ಡಬ್ಬಿ.

ಪೇಟೆಯಲ್ಲಿ ಎಲೆಕ್ಟ್ರಿಕ್ ಅಂಗಡಿಯವರು ಅರ್ಧ ಷಟರ್ ಎತ್ತಿ ಸ್ಪ್ಲಿಟ್ಟರ್ ಕೊಟ್ರು. ನೆಟ್‌ವರ್ಕ್ ಕೇಬಲ್ ಕೇಳಿದ್ರೆ, ಡಬ್ಬದ ತಳದಲ್ಲಿ ಉಳಿದಿದ್ದ ಇಪ್ಪತ್ತೈದು ಮೀಟರ್ ಕ್ಯಾಟ್ 5ಇ ಅಷ್ಟೇ, ಫೋನ್ ವೈರ್ ಖಾಲಿ ಅಂದ್ರು. ಕ್ರಿಂಪಿಂಗ್ ಟೂಲನ್ನ ನಾಳೆ ವಾಪಸ್ ತರಬೇಕು ಅನ್ನೋ ಕರಾರಿನ ಮೇಲೆ ಕೊಟ್ರು.

ನನಗೆ ನೆಟ್ ಮಾತ್ರ ಅಟ್ಟಕ್ಕೆ ಹೋದ್ರೆ ಸಾಲದಾಗಿತ್ತು, ಫೋನೂ ಹೋಗಬೇಕಿತ್ತು. ನಾನಿಡೀ ದಿನ ಅಲ್ಲೇ ಕೂತಿರ್ತೀನಲ್ಲ, ರಿಂಗ್ ಆದ್ರೆ ಎತ್ತಬಹುದು. ಆ ಕೇಬಲ್ ಸುಲಿದ್ರೆ ಒಳಗೆ ಎಂಟು ಎಳೆ, ಎರಡೆರಡು ಹೆಣೆದ ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಗಿಗಾಬಿಟ್ ಬೇಕು ಅಂದ್ರೆ ನಾಲ್ಕೂ ಬೇಕು. ನೂರು ಎಂಬಿಪಿಎಸ್ ಸಾಕು ಅನ್ನೋರಿಗೆ ಕಿತ್ತಳೆ, ಹಸಿರು ಎರಡೇ ಸಾಕು. ನಮ್ಮ ಲೈನಿನಲ್ಲಿ ಬರ್ತಿದ್ದಿದ್ದೇ ಹತ್ತಕ್ಕಿಂತ ಕಮ್ಮಿ. ಹಾಗಾಗಿ ನೀಲಿ ಜೋಡಿಯನ್ನ ಎರಡೂ ತುದಿಯಲ್ಲಿ ಪಿನ್ನಿಗೆ ಸೇರಿಸದೆ ಹೊರಗೆ ಎಳೆದು ಫೋನಿಗೆ ಕೊಟ್ಟೆ. ಕಟ್ಟುನಿಟ್ಟಿನವರು ಇದನ್ನ ಒಪ್ಪಲ್ಲ. ಒಂದೇ ಕೇಬಲ್ಲಿನಲ್ಲಿ ಎರಡೂ ಬೇಡ ಅಂತಾರೆ. ನಮ್ಮನೇಲಿ ಏನೂ ಆಗಲಿಲ್ಲ.

ಕೇಬಲ್ ಎಳೆದಿದ್ದು ಅಪ್ಪ, ನಾನು ಇಬ್ಬರೂ. ಜಗಲಿಯಿಂದ ಬಾಗಿಲ ಪಟ್ಟಿ ಮೇಲೆ ಹಾಯಿಸಿ, ಅಟ್ಟಕ್ಕೆ ಹೋಗೋಕೆ ಗೋಡೆ ಕೊರೆಯಬೇಕು ಅಂತ ನಾನು ಉಳಿ ಹುಡುಕ್ತಿದ್ರೆ, ಅಪ್ಪ ತೊಲೆಯ ಪಕ್ಕದ ಒಂದು ತೂತು ತೋರಿಸಿದ್ರು. ಅಜ್ಜ ರೇಡಿಯೋ ಏರಿಯಲ್ ವೈರಿಗೆ ಮಾಡಿಸಿದ್ದಂತೆ. ದೋಟಿ ತಂದು ಅದರ ತುದಿಗೆ ಕೇಬಲ್ ಕಟ್ಟಿ, ಕೊನೆ ಕೊಯ್ಯೋರ ಥರ ಕತ್ತೆತ್ತಿ ನಿಂತು ತೂತಿನೊಳಗೆ ನುಗ್ಗಿಸಿದ್ರು. ಕರೆಂಟ್ ವೈರ್ ಇದ್ದ ಕಡೆ ಬೇಡ, ತೊಲೆಯ ಆಚೆ ಮಗ್ಗುಲಿಗೆ ಕ್ಲಿಪ್ ಹೊಡೆಯೋಣ ಅಂದೆ. ಯಾಕೆ ಅಂತ ಕೇಳಿದ್ರು. ಕರೆಂಟಿನ ಪಕ್ಕದಲ್ಲೇ ಉದ್ದಕ್ಕೆ ಓಡಿದ್ರೆ ಅದರ ಗಲಾಟೆ ಇದಕ್ಕೂ ಬರುತ್ತೆ, ದಾಟಲೇಬೇಕು ಅಂದ್ರೆ ಅಡ್ಡಕ್ಕೆ ದಾಟಬೇಕು ಅಂದೆ. 'ಗೊತ್ತಿದ್ಯಲ್ಲ ಮಾರಾಯ ಇಷ್ಟೆಲ್ಲ' ಅಂದ್ರು. ನನಗೆ ಮುಖ ಎತ್ತೋಕಾಗಲಿಲ್ಲ.

ನೀಲಿ ಎಳೆಗಳನ್ನ ಬೆರಳಲ್ಲಿ ಹಿಡಿದು ಸುಲೀತಿದ್ದಾಗ ಸರಿಯಾಗಿ ಯಾರದೋ ಕಾಲ್ ಬಂತು. ಫೋನ್ ಲೈನಲ್ಲಿ ಸುಮ್ಮನಿದ್ದಾಗ 48 ವೋಲ್ಟ್, ಏನೂ ಅನ್ನಿಸಲ್ಲ. ರಿಂಗ್ ಆಗುವಾಗ ಮಾತ್ರ ಎಪ್ಪತ್ತೆಂಬತ್ತರ ಮೇಲೆ ಹೋಗುತ್ತೆ. ಮೊಣಕೈವರೆಗೆ ಜುಂ ಅಂದು ಕೂಗಿಕೊಂಡೆ. ಲೈನ್ ಬಿಡಿಸಿಟ್ಟು ಕೆಲಸ ಮಾಡಬೇಕಿತ್ತು. ಆದ್ರೆ ಅವತ್ತು ಅದನ್ನ ಬಿಡಿಸೋಕೆ ನನ್ನ ಕೈ ಬಂದಿರಲಿಲ್ಲ. ಅಪ್ಪ ಏಣಿ ಮೇಲಿಂದ ನಕ್ಕರು. ನಾನೂ ನಗೋಕೆ ಹೋದೆ. ಆಮೇಲೆ ಅದೇನಾಯ್ತೋ, ಬುಧವಾರ ಪಿನ್ನು ಕಿತ್ತಿಟ್ಟಿದ್ದು ನಾನು ಅಂತ ಹೇಳಿಬಿಟ್ಟೆ.

ಅವರು ತಕ್ಷಣ ಏನೂ ಅನ್ನಲಿಲ್ಲ. ಕ್ಲಿಪ್ ಹೊಡೆಯೋದು ಮುಗಿಸಿದ್ರು. ಏಣಿ ಇಳಿದು, ಸುತ್ತಿಗೆ ಗೂಡಿನಲ್ಲಿಟ್ಟು, 'ಗೊತ್ತಿತ್ತು. ಅವತ್ತು ಬಂದಾಗ ಪಿನ್ನು ಸಡಿಲ ಕೂತಿತ್ತು' ಅಂದ್ರು. ಕೈ ತೊಳೆಯೋಕೆ ಬಚ್ಚಲಿಗೆ ಹೋದ್ರು.

ಸ್ಪ್ಲಿಟ್ಟರ್ ಕೂತ ಮೇಲೆ ಫೋನ್ ರಿಂಗ್ ಆದ್ರೂ ನೆಟ್ ಹೋಗಲಿಲ್ಲ. ನಾನು ಆಮೇಲೆ ಹತ್ತು ತಿಂಗಳು ಅಲ್ಲೇ ಕೆಲಸ ಮಾಡಿದೆ, ಮೇಜಿನ ಈ ಅರ್ಧದಲ್ಲಿ ನಾನು, ಆ ಅರ್ಧದಲ್ಲಿ ಲೆಕ್ಕದ ಪುಸ್ತಕದ ಜೊತೆ ಅಪ್ಪ. ಮೀಟಿಂಗ್ ಮಧ್ಯೆ ಫೋನ್ ಬಂದ್ರೆ ಮ್ಯೂಟ್ ಮಾಡಿ ರಿಸೀವರ್ ಎತ್ತಿ ಕೊಡ್ತಿದ್ದೆ. ಪ್ರತೀ ರಾತ್ರಿ ಮಲಗೋಕೆ ಇಳಿಯೋ ಮುಂಚೆ ಅಪ್ಪ ಒಂದು ಸಲ ರಿಸೀವರ್ ಎತ್ತಿ, ಕಿವಿಗಿಟ್ಟು, ಡಯಲ್ ಟೋನ್ ಕೇಳಿ, ಮೆಲ್ಲಗೆ ವಾಪಸ್ ಇಡ್ತಿದ್ರು. ನಾನು ಲ್ಯಾಪ್‌ಟಾಪ್ ನೋಡ್ತಾ ಕೂತಿರ್ತಿದ್ದೆ.