ಮುತ್ಯಾನ ಚಾಳೀಸ, ಮೊಮ್ಮಗನ ಮೂಗು

ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರ ದೂರ ಒಯ್ಯತೊಡಗಿದರೆ ಬಾಗಲಕೋಟೆ ತಾಲೂಕಿನ ಬೇವೂರಿನ ಕಡೆ 'ಚಾಳೀಸ ಬಂತು' ಎನ್ನುತ್ತಾರೆ. ಚಾಳೀಸ ಎಂದರೆ ನಲವತ್ತು. ವಯಸ್ಸಿನ ಹೆಸರೇ ಕಣ್ಣಿನ ದೋಷಕ್ಕೂ ಅದನ್ನು ನೀಗುವ ಕನ್ನಡಕಕ್ಕೂ ಅಂಟಿಕೊಂಡಿದೆ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಬಿರುಸಾಗಿ, ಹತ್ತಿರದ ನೋಟಕ್ಕೆ ಬೇಕಾದಷ್ಟು ಉಬ್ಬಲಾರದು. ಇಷ್ಟೇ ಇದರ ಮರ್ಮ.

ಈ ಸೀಮೆಯಲ್ಲಿ ಅದು ಹೊಟ್ಟೆಪಾಡಿನ ಪ್ರಶ್ನೆ. ಇಳಕಲ್ಲಿನಲ್ಲಿ ಸೀರೆ, ಗುಳೇದಗುಡ್ಡದಲ್ಲಿ ಖಣ. ಇಳಕಲ್ಲ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಎಳೆ ಕಾಣದಿದ್ದರೆ ಮಗ್ಗ ನಿಂತಂತೆ.

ಹಳೆಯ ಮನೆಗಳ ಟ್ರಂಕಿನ ತಳದಲ್ಲಿ ಹಿರಿಯರ ಚಾಳೀಸ ಸಿಗುವುದುಂಟು. ದುಂಡು ಗಾಜು, ತೆಳು ಲೋಹದ ಚೌಕಟ್ಟು, ಕಿವಿಯ ಹಿಂದೆ ಸುತ್ತಿಕೊಳ್ಳುವ ತಂತಿಯ ಕಡ್ಡಿ. ಬಗ್ಗಿ ಕೆಲಸ ಮಾಡುವವರಿಗೆ ಈ ಸುತ್ತುವ ಕಡ್ಡಿಯೇ ಮೇಲು, ಜಾರುವುದಿಲ್ಲ. ಹಾಗೆಂದು ಅದನ್ನು ಗಾಜಿನ ಸಮೇತ ಏರಿಸಿಕೊಂಡರೆ ಕೆಟ್ಟಿತು. ಆ ಗಾಜಿನ ನಂಬರು ಮುತ್ಯಾನ ಕಣ್ಣಿನದು.

ಪೇಟೆಯ ಅಂಗಡಿಗೆ ಹೋದರೆ ಮಾತು ಹೀಗೆ ನಡೆದೀತು: "ಅಣ್ಣಾರ, ಗಾಜ ಅಷ್ಟ ಬದಲ ಮಾಡಿಕೊಡ್ರಿ." "ಮಾಡೋಣಂತ ಕಾಕಾ. ಮೊದಲ ಮೂಗ ತೋರಸ್ರಿ."

ಆತ ಕೇಳಿದ್ದು ಸರಿ. ಕಡ್ಡಿಯ ಒಳಮೈ ಮೇಲೆ ಅನೇಕ ಫ್ರೇಮುಗಳಲ್ಲಿ 48, 20, 140 ಎಂಬಂಥ ಅಂಕಿಗಳಿರುತ್ತವೆ. ಎಲ್ಲವೂ ಮಿಲಿಮೀಟರು: ಗಾಜಿನ ಅಗಲ, ಮೂಗಿನ ಮೇಲಿನ ಅಂತರ, ಕಡ್ಡಿಯ ಉದ್ದ. ಮೊದಲೆರಡನ್ನು ಕೂಡಿಸಿದರೆ 68. ಕೊಳ್ಳುವವರ ಎರಡು ಕಣ್ಣುಪಾಪೆಗಳ ನಡುವಣ ದೂರ 64 ಇದ್ದರೆ ಪ್ರತಿ ಗಾಜಿನ ಕೇಂದ್ರವನ್ನು 2 ಮಿಲಿಮೀಟರು ಮೂಗಿನತ್ತ ಸರಿಸಿ ಕತ್ತರಿಸಬೇಕು. ಹೆಚ್ಚು ನಂಬರಿನ ಗಾಜಿನಲ್ಲಿ ಕೇಂದ್ರ ತಪ್ಪಿದರೆ ಅದು ಪಟ್ಟಕದಂತೆ ಬೆಳಕನ್ನು ಓರೆ ಮಾಡಿ ತಲೆನೋವು ತಂದೀತು. ಓದುವ ದೂರ ಬೇರೆ, ಮಗ್ಗದ ದೂರ ಬೇರೆ. ನೇಕಾರರು ಅದನ್ನು ಬಾಯಿಬಿಟ್ಟು ಹೇಳಿಯೇ ನಂಬರು ತೆಗೆಸಬೇಕು. ಹೇಳುವವರು ಕಡಿಮೆ!

ಆಮೆಚಿಪ್ಪಿನ ಬಣ್ಣದ ಹಳೆಯ ಫ್ರೇಮು ಕಂಡರೆ ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಬೇಕು. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡು, ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುವ ವಸ್ತು. ಬಿರುಕು ಬಿಟ್ಟಿದ್ದರಂತೂ ಎಷ್ಟೇ ಚೆಂದವಿದ್ದರೂ ಬೇಡ. ಅಸಿಟೇಟಿನದಾದರೆ ಹದವಾಗಿ ಬಿಸಿ ಮಾಡಿ ಕಡ್ಡಿಯನ್ನು ಕಿವಿಗೆ ತಕ್ಕಂತೆ ಬಾಗಿಸಬಹುದು.

2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ ಮುಂತಾದವು ಒಟ್ಟಾಗಿ ಹರಾಜಿಗೆ ಬಂದಾಗ ವಿಜಯ್ ಮಲ್ಯ 18 ಲಕ್ಷ ಡಾಲರಿಗೆ ಕೂಗಿ ಕೊಂಡರು. ಆ ಕನ್ನಡಕ ಇನ್ನು ಯಾರ ಮೂಗಿಗೂ ಹೊಂದಬೇಕಿಲ್ಲ. ಬೇವೂರಿನ ಕಾಕಾನದ್ದು ಹೊಂದಲೇಬೇಕು.

ಅದಕ್ಕೇ ಹೊಸ ಗಾಜು ಕೂರಿಸಿದ ಮೇಲೂ ಆತ ಅಂಗಡಿಯಲ್ಲಿ ಬಗ್ಗಿ, ತಲೆ ಅಲ್ಲಾಡಿಸಿ ನೋಡಬೇಕು. ರೆಪ್ಪೆ ಗಾಜಿಗೆ ತಾಗಬಾರದು, ಮೂಗಿನ ಇಕ್ಕೆಲದಲ್ಲಿ ಕೆಂಪು ಗುರುತು ಮೂಡಬಾರದು. ಜೇಬಿನಲ್ಲಿ ನಾಲ್ಕು ಎಳೆ ರೇಷ್ಮೆ ಒಯ್ದಿದ್ದರೆ ಇನ್ನೂ ಒಳ್ಳೆಯದು. ಅವನ್ನು ಮಗ್ಗದಷ್ಟೇ ದೂರದಲ್ಲಿ ಹಿಡಿದು, ಒಂದೊಂದಾಗಿ ಎಣಿಸಿ, ಆಮೇಲೆ ದುಡ್ಡು ಕೊಟ್ಟರಾಯಿತು.