ಪರದೆಯ ಮೇಲೆ ಕೊಪ್ಪಳ

ನನ್ನ ತವರು ಗಂಗಾವತಿ. ಮದುವೆಯಾಗಿ ಹುಬ್ಬಳ್ಳಿ ಸೇರಿ ಇಪ್ಪತ್ತು ವರ್ಷವಾಯಿತು. ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ತಾಯಿಯ ಮನೆಗೆ ಹೋಗುವುದು, ಹತ್ತು ದಿನ ಉಂಡು, ಮಲಗಿ, ಮಾತಾಡಿ ವಾಪಸಾಗುವುದು ವಾಡಿಕೆ. ಈ ಸಲದ ರಜೆ ಮಾತ್ರ ಹಾಗಾಗಲಿಲ್ಲ. ಅದಕ್ಕೆ ಕಾರಣ, ದಾರಿಯಲ್ಲಿ ನನ್ನ ಮಗ ಕೇಳಿದ ಒಂದು ಪ್ರಶ್ನೆ.

ಕೊಪ್ಪಳದಲ್ಲಿ ರೈಲಿನಿಂದಿಳಿದು ಗಂಗಾವತಿಯ ಬಸ್ಸು ಹತ್ತಿದ್ದೆವು. ಗುಡ್ಡದ ಮೇಲಿನ ಕೋಟೆಯನ್ನು ತೋರಿಸಿದೆ. ಐದನೇ ತರಗತಿಯ ಹುಡುಗ ಅದನ್ನೇ ನೋಡುತ್ತಾ ಕೇಳಿದ: "ಅಮ್ಮಿ, ಅದು ನಮ್ಮವರ ಕೋಟೆಯಾ, ಅವರದಾ?"

"ನಮ್ಮವರು ಅಂದರೆ ಯಾರಪ್ಪಾ?" ಎಂದೆ.

"ಗೆಳೆಯರು ಹಾಗೇ ಮಾತಾಡ್ತಾರೆ. ಟಿಪ್ಪು ನಿಮ್ಮವನು, ಉಳಿದವರೆಲ್ಲ ನಮ್ಮವರು ಅಂತಾರೆ."

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಗದರಿಸಿ ಸುಮ್ಮನಿರಿಸುವ ಪ್ರಶ್ನೆ ಅದಲ್ಲ. ಉಪದೇಶ ಮಾಡಿದರೆ ಮಕ್ಕಳು ಕೇಳುವುದೂ ಇಲ್ಲ. ಬಸ್ಸು ಮುನಿರಾಬಾದ್ ರಸ್ತೆ ಹಿಡಿಯುವವರೆಗೂ ಯೋಚಿಸುತ್ತಲೇ ಇದ್ದೆ.

ಮನೆ ತಲುಪಿದ ರಾತ್ರಿ ಅಣ್ಣನಿಗೆ ಇದನ್ನು ಹೇಳಿದೆ. ಆತ ಶಿಕ್ಷಕ. "ಹೇಳಿಕೊಡುವುದು ಬೇಡ, ಹುಡುಕಲು ಬಿಡು. ಹುಡುಕಿದ್ದನ್ನು ಗೊಂಬೆಯಾಟ ಮಾಡಿ ತೋರಿಸಲಿ" ಎಂದ. ನನ್ನ ಇಬ್ಬರು, ಅವನ ಇಬ್ಬರು, ಒಟ್ಟು ನಾಲ್ಕು ಮಕ್ಕಳು. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗಿದ್ದ ತಾಲೂಕುಗಳೂ ನಾಲ್ಕೇ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ತಲೆಗೊಂದು ತಾಲೂಕು ಹಂಚಿದೆವು. ಪ್ರತಿಯೊಬ್ಬರೂ ಅಲ್ಲಿಗೆ ಸಂಬಂಧಿಸಿದ ಹಿರಿಯರೊಬ್ಬರನ್ನು ಆರಿಸಬೇಕು. ಗೊಂಬೆಗೆ ಕತ್ತರಿ ಹಚ್ಚುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಇವರ ವಿಷಯ ನಿನಗೆ ಹೇಗೆ ಗೊತ್ತಾಯಿತು? ಇವರ ಜೊತೆ ಯಾರಿದ್ದರು, ಎದುರಿಗೆ ಯಾರಿದ್ದರು? ಇವರು ಮಾಡಿದ್ದರಲ್ಲಿ ತಪ್ಪೇನಾದರೂ ಇದೆಯಾ?

ಗೊಂಬೆಯಾಟದ ಮಾತು ಅಣ್ಣನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ತೊಗಲು ಗೊಂಬೆಯಾಟ ನಮ್ಮ ಸೀಮೆಯದೇ ಕಲೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ 96 ವರ್ಷ. ಬಾಲ್ಯದಲ್ಲೇ ಪರದೆಯ ಹಿಂದೆ ಕುಳಿತ ಅವರು ರಾಮಾಯಣ, ಮಹಾಭಾರತದ ಆಟಗಳನ್ನು ಇರಾನ್‌ವರೆಗೂ ಕೊಂಡೊಯ್ದವರು. ನೆರೆಯ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯವರ ಬದುಕನ್ನೂ ತೊಗಲು ಗೊಂಬೆಗಳಲ್ಲಿ ಆಡಿಸಿದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಮೇಕೆಯ ಚರ್ಮವನ್ನು ನೆನೆಸಿ, ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಬಣ್ಣ ಹಚ್ಚಿ, ಬಿಳಿ ಬಟ್ಟೆಯ ಹಿಂದೆ ದೀಪವಿಟ್ಟು ಆಡಿಸುವ ಆಟವದು. ನಮಗೆ ಚರ್ಮ ಎಲ್ಲಿಂದ ಬರಬೇಕು? ಹಳೆಯ ಮದುವೆ ಕಾಗದಗಳು, ನೋಟುಬುಕ್ಕಿನ ರಟ್ಟುಗಳು ಸಾಕೆಂದುಕೊಂಡೆವು.

ಮೊದಲ ಅಡ್ಡಿ ಮನೆಯೊಳಗಿಂದಲೇ ಬಂತು. "ಮನೆಯಲ್ಲಿ ಗೊಂಬೆ ಯಾಕೆ?" ಎಂದು ನನ್ನ ತಾಯಿ ಮುಖ ಸಿಂಡರಿಸಿದರು. ಹಝ್ರತ್ ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದು ಹದೀಸ್‌ಗಳಲ್ಲೇ ಇದೆಯಲ್ಲ ಎಂದು ಭಾಭಿ ಮೆಲ್ಲಗೆ ನೆನಪಿಸಿದರು. ತುರ್ಕಿಯಲ್ಲಿ ರಮಝಾನ್ ರಾತ್ರಿಗಳಲ್ಲಿ 'ಕಾರಾಗೋಝ್' ಎಂಬ ನೆರಳಾಟ ಶತಮಾನಗಳಿಂದ ನಡೆದು ಬಂದಿದೆ. 2009ರಲ್ಲಿ ಅದು ಯುನೆಸ್ಕೋದ ಪಟ್ಟಿಯನ್ನೂ ಸೇರಿತು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾದಲ್ಲಿ 'ವಾಯಾಂಗ್' ನೆರಳಾಟಕ್ಕೆ ಇಂದಿಗೂ ಊರು ಊರೇ ಕೂರುತ್ತದೆ. ಇದನ್ನೆಲ್ಲ ಅಣ್ಣ ಹೇಳಿದ. ಕೊನೆಗೆ ಒಪ್ಪಂದವಾಯಿತು: ಪ್ರವಾದಿಗಳ, ಸಹಾಬಿಗಳ ಗೊಂಬೆ ಕೂಡದು. ಉಳಿದವರಿಗೂ ಕಣ್ಣು ಮೂಗು ಬರೆಯುವುದು ಬೇಡ, ಬರೀ ನೆರಳಿನಾಕೃತಿ ಇರಲಿ. ತಾಯಿ "ಏನಾದರೂ ಮಾಡಿಕೊಳ್ಳಿ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಕೊಪ್ಪಳಕ್ಕೆ ಹೋದೆವು. ಅಣ್ಣ ಮೊದಲು ಕರೆದೊಯ್ದದ್ದು ಗವಿಮಠದ ಗುಡ್ಡಕ್ಕೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಒಳ್ಳೆಯದನ್ನು ಸಾಧಿಸಬಲ್ಲರು ಎಂಬುದು ಅದರ ಸಾರ. "ಇದರಲ್ಲಿ ಅಶೋಕ ಅಂತ ಬರೆದಿದೆಯಾ?" ಎಂದು ಮಗ ಕೇಳಿದ. ಇಲ್ಲ, 'ದೇವಾನಾಂಪ್ರಿಯ' ಎಂದಷ್ಟೇ ಇದೆ. ಆ ದೇವಾನಾಂಪ್ರಿಯನೇ ಅಶೋಕ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಿಂದ. ಅದನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಒಬ್ಬ ಎಂಜಿನಿಯರ್. ಒಂದು ಹೆಸರು ಖಚಿತವಾಗಬೇಕಾದರೂ ಅಷ್ಟು ವರ್ಷ, ಅಷ್ಟು ಜನರ ಶ್ರಮ ಬೇಕಾಯಿತು. ಮಕ್ಕಳ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೆ?

ಆಮೇಲೆ ಕೋಟೆ ಹತ್ತಿದೆವು. ಬಿಸಿಲೇರುವ ಮೊದಲೇ ಹೋಗಿದ್ದರೂ ಮೇಲೆ ತಲುಪುವಷ್ಟರಲ್ಲಿ ನೀರಿನ ಬಾಟಲಿ ಖಾಲಿ. ಕೋಟೆ ಮಗನ ಪಾಲಿನದು. ಅಣ್ಣ ಕೊಟ್ಟ ಪುಸ್ತಕದಿಂದ ಅವನೇ ಹುಡುಕಿ ಓದಿದ. ಟಿಪ್ಪು ಸುಲ್ತಾನ್ ಈ ಕೋಟೆಯನ್ನು 1786ರಲ್ಲಿ ಒಬ್ಬ ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1790-91ರಲ್ಲಿ ಶತ್ರುಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು.

"ಮುತ್ತಿಗೆ ಹಾಕಿದವರು ಯಾರು?" ಎಂದೆ.

"ಇಂಗ್ಲಿಷರು, ಮತ್ತೆ..." ಎಂದು ಪುಸ್ತಕ ತಿರುವಿದವನು ತಡವರಿಸಿದ. "ನಿಜಾಮರ ಸೈನ್ಯ! ಅಮ್ಮಿ, ನಿಜಾಮರೂ ಮುಸ್ಲಿಮರಲ್ವಾ?"

ಹೌದು. ಇದೇ ಕೋಟೆಗೆ ಇನ್ನೊಂದು ಕಥೆಯೂ ಇದೆ. 1858ರಲ್ಲಿ ಮುಂಡರಗಿ ಭೀಮರಾಯರು ಹಮ್ಮಿಗಿಯ ಕೆಂಚನಗೌಡರೊಂದಿಗೆ ಬ್ರಿಟಿಷರ ವಿರುದ್ಧ ದಂಗೆಯೆದ್ದು ಈ ಕೋಟೆಯನ್ನು ಹಿಡಿದರು, ಇಲ್ಲೇ ಹೋರಾಡಿ ಮಡಿದರು. ಟಿಪ್ಪು ಕಟ್ಟಿಸಿದ ಗೋಡೆಯ ಹಿಂದೆ ನಿಂತು, ಟಿಪ್ಪುವಿನ ಶತ್ರುಗಳೊಂದಿಗೇ ಭೀಮರಾಯರೂ ಕಾದಿದರು. ಮಗ ಬಹಳ ಹೊತ್ತು ಗೋಡೆ ನೋಡುತ್ತಾ ನಿಂತ. ಮೂರನೇ ಪ್ರಶ್ನೆಯನ್ನೂ ಬಿಡಲಿಲ್ಲ. ಟಿಪ್ಪುವಿನ ಯುದ್ಧಗಳಲ್ಲಿ ಕೊಡಗು, ಮಲಬಾರಿನ ಜನ ಬಹಳ ಕಷ್ಟಪಟ್ಟರೆಂದು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡ. ಅಶೋಕನ ಬಗ್ಗೆ ಬರೆದಾಗ ಕಳಿಂಗ ಯುದ್ಧವನ್ನು ಬರೆದಂತೆಯೇ.

ಅಣ್ಣನ ಮಗನಿಗೆ ಯಲಬುರ್ಗಾ ಸಿಕ್ಕಿತ್ತು. ಅವನು ಆರಿಸಿದ್ದು ಇಟಗಿಯ ಮಹಾದೇವ ದಂಡನಾಯಕನನ್ನು. ಇಟಗಿ ಈಗ ಕುಕನೂರು ತಾಲೂಕಿನಲ್ಲಿದೆ. ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಅವನು. 1112ರಲ್ಲಿ ಅಲ್ಲಿ ಕಟ್ಟಿಸಿದ ದೇವಾಲಯವನ್ನು ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಹುಡುಗನಿಗೆ ಹಿಡಿಸಿದ್ದು ಬೇರೆ ಸಂಗತಿ. ಆ ದಂಡನಾಯಕ ತನ್ನ ತಾಯಿ ತಂದೆಯರ ನೆನಪಿಗೂ ಅಲ್ಲಿ ಗುಡಿಗಳನ್ನು ಕಟ್ಟಿಸಿದ್ದ.

ಗಂಗಾವತಿ ಅಣ್ಣನ ಮಗಳ ಪಾಲಿಗೆ ಬಂತು. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ವಿಜಯನಗರ ಎಂದರೆ ಮುಸ್ಲಿಮರ ವಿರುದ್ಧದ ರಾಜ್ಯ ಎಂದಷ್ಟೇ ಅವಳು ಕೇಳಿದ್ದಳು. ಹುಡುಕಿದಾಗ ಸಿಕ್ಕಿದ್ದು ಇಮ್ಮಡಿ ದೇವರಾಯ. ಅವನು ತನ್ನ ಸೈನ್ಯಕ್ಕೆ ಮುಸ್ಲಿಂ ಕುದುರೆ ಸವಾರರನ್ನೂ ಬಿಲ್ಲಾಳುಗಳನ್ನೂ ಸೇರಿಸಿಕೊಂಡಿದ್ದ. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಮಸೀದಿ ಕಟ್ಟಿಸಿದ. ಅದರ ಶಾಸನ ಕನ್ನಡದಲ್ಲಿದೆ, ಮಸೀದಿಯನ್ನು 'ಧರ್ಮಸಾಲೆ' ಎಂದು ಕರೆದಿದೆ, ಅದರ ಪುಣ್ಯ ರಾಜನಿಗೆ ಸಲ್ಲಲಿ ಎಂದಿದೆ. "ಫುಫು, ಕನ್ನಡದಲ್ಲಿ ಮಸೀದಿಯ ಶಾಸನ!" ಎಂದು ಅವಳು ಓಡಿ ಬಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಕಷ್ಟವಾದದ್ದು ಎಂಟನೇ ತರಗತಿಯ ನನ್ನ ಮಗಳಿಗೆ. ಅವಳದು ಕುಷ್ಟಗಿ. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿಯೇ ಒಂದು ಲೋಕಸಭಾ ಕ್ಷೇತ್ರವಾಗಿತ್ತು, ಅಳವಂಡಿಯ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಗೆದ್ದಿದ್ದರು. ಅದಕ್ಕೂ ಮೊದಲು ಅವರು ಮುಂಡರಗಿ ಶಿಬಿರದ ಮುಂದಾಳಾಗಿ ನಿಜಾಮರ ಆಡಳಿತದ ವಿರುದ್ಧ, ರಜಾಕಾರರ ವಿರುದ್ಧ ಹೋರಾಡಿದವರು. ಹುಡುಕುತ್ತಾ ಹೋದ ಮಗಳು 1948ಕ್ಕೆ ಬಂದು ನಿಂತಳು. ನಮ್ಮ ಮನೆಗಳಲ್ಲಿ ಆ ವರ್ಷದ ಮಾತು ಯಾರೂ ಎತ್ತುವುದಿಲ್ಲ. ಎತ್ತಿದರೂ ದನಿ ತಗ್ಗಿಸಿ ಎರಡು ಮಾತಾಡಿ ಮುಗಿಸುತ್ತಾರೆ.

ಅಣ್ಣ ಮುಚ್ಚಿಡಲಿಲ್ಲ. ರಜಾಕಾರರ ಹಾವಳಿಯನ್ನೂ ಹೇಳಿದ. ಭಾರತಕ್ಕೆ ಸೇರಬೇಕೆಂದು ಬರೆದ ತಪ್ಪಿಗೆ ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಅವರಿಂದಲೇ ಕೊಲೆಯಾದದ್ದನ್ನೂ ಹೇಳಿದ. ಸೆಪ್ಟೆಂಬರ್ 13ಕ್ಕೆ ಸೇನೆ ಬಂತು, 17ಕ್ಕೆ ನಿಜಾಮರು ಶರಣಾದರು. ಅದರ ಬೆನ್ನಿಗೆ ಏನೂ ಮಾಡದ ಎಷ್ಟೋ ಮುಸ್ಲಿಂ ಕುಟುಂಬಗಳು ಪ್ರಾಣ, ಮನೆಮಾರು ಕಳೆದುಕೊಂಡವು. ವಿಚಾರಿಸಲು ದೆಹಲಿಯಿಂದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಬಂದು ಹೋದರು. ಅವರ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ.

"ಹಾಗಾದರೆ ನನ್ನ ಪರದೆ ಮೇಲೆ ಯಾರನ್ನು ನಿಲ್ಲಿಸಲಿ?" ಎಂದಳು ಮಗಳು. ಯಾರೂ ಮಾತಾಡಲಿಲ್ಲ. ಆಗ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ನನ್ನ ತಾಯಿ ಬಾಯಿ ಬಿಟ್ಟರು.

ಆಗ ಅವರಿಗೆ ಆರು ವರ್ಷ. ಕುಷ್ಟಗಿ ಸೀಮೆಯ ಒಂದು ಹಳ್ಳಿ. ತಂದೆ ಬಟ್ಟೆ ಹೊಲಿಯುತ್ತಿದ್ದರು. ಪಕ್ಕದ ಗೌಡರ ಮನೆಯ ಮಗ ಮುಂಡರಗಿ ಶಿಬಿರಕ್ಕೆ ಹೋಗಿದ್ದ. ಬಂದೂಕು ಹಿಡಿದು ಬಂದವರು ಅವನ ಸುದ್ದಿ ಕೇಳಿದಾಗ ತಂದೆ "ನನಗೆ ಗೊತ್ತಿಲ್ಲ" ಎಂದರು. ಅವರಿಗೆ ಗೊತ್ತಿತ್ತು. ಕೆಲವು ತಿಂಗಳ ನಂತರ ಕಾಲ ತಿರುಗಿದಾಗ ಅದೇ ಮನೆಯ ಗೌಡತಿ ಇವರೆಲ್ಲರನ್ನೂ ತನ್ನ ಕಾಳಿನ ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿದಳು. ನಾಲ್ಕು ದಿನ. ರಾತ್ರಿ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟು ಹೋಗುತ್ತಿದ್ದಳು.

"ಆಕೆಯ ಹೆಸರೇನು ನಾನಿ?"

"ಹೆಸರು ಗೊತ್ತಿಲ್ಲ ಮಗಾ. ಅವ್ವ ಅಂತಿದ್ದೆವು."

ನನಗೀಗ ನಲವತ್ತೈದು ವರ್ಷ. ಈ ಮಾತನ್ನು ತಾಯಿಯ ಬಾಯಿಂದ ಕೇಳಿದ್ದು ಅದೇ ಮೊದಲು.

ರಜೆಯ ಕೊನೆಯ ಶನಿವಾರ, ಇಶಾ ನಮಾಝ್ ಆದ ಮೇಲೆ, ಮಾಳಿಗೆಯ ಮೇಲೆ ಬಿಳಿ ಚಾದರ ಕಟ್ಟಿದೆವು. ಅಕ್ಕಪಕ್ಕದ ಮನೆಗಳವರೆಲ್ಲ ಬಂದರು. ಅರ್ಧ ಆಟಕ್ಕೆ ಕರೆಂಟು ಹೋಯಿತು. ಭಾಭಿ ಮೊಬೈಲಿನ ಟಾರ್ಚು ಹಿಡಿದರು. ನೆರಳು ಬಲ್ಬಿಗಿಂತ ಚೆನ್ನಾಗಿ, ಚೂಪಾಗಿ ಬಿತ್ತು! (ಮನೆಯಲ್ಲಿ ಮಾಡುವವರು ನೆನಪಿಡಿ: ಗೊಂಬೆ ಬಟ್ಟೆಗೆ ತಾಗಿಕೊಂಡಿದ್ದರೆ ನೆರಳು ಸ್ಪಷ್ಟವಾಗಿರುತ್ತದೆ. ದೀಪದ ಕಡೆಗೆ ಸರಿದಷ್ಟೂ ದೊಡ್ಡದಾಗಿ ಮಸುಕಾಗುತ್ತದೆ.) ಅಶೋಕ, ಮಹಾದೇವ, ದೇವರಾಯ, ಟಿಪ್ಪು, ಭೀಮರಾಯ, ಶಿವಮೂರ್ತಿಸ್ವಾಮಿ ಒಬ್ಬರಾದ ಮೇಲೊಬ್ಬರು ಬಂದರು. ಎಲ್ಲ ಗೊಂಬೆಗಳೂ ಒಂದೇ ಕಪ್ಪು. ಪೇಟ, ಕಿರೀಟ, ಕತ್ತಿ ನೋಡಿ ಗುರುತು ಹಿಡಿಯಬೇಕಿತ್ತು.

ಕೊನೆಗೆ ಸೆರಗು ಹೊದ್ದ ಒಬ್ಬ ಹೆಂಗಸಿನ ನೆರಳು ಬಂತು. ಕೈಯಲ್ಲಿ ರೊಟ್ಟಿಯ ಬುಟ್ಟಿ. "ಇವರ ಹೆಸರು ಯಾವ ಶಾಸನದಲ್ಲೂ ಇಲ್ಲ. ನಮ್ಮ ನಾನಿ ಹೇಳಿದ್ದರಿಂದ ನಮಗೆ ಗೊತ್ತು" ಎಂದಳು ಮಗಳು. ಮೊದಲ ಪ್ರಶ್ನೆಯ ಉತ್ತರ ಅದಾಗಿತ್ತು. ನನ್ನ ತಾಯಿ ದುಪಟ್ಟಾದಿಂದ ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ಬಸ್ಸು ಕೊಪ್ಪಳಕ್ಕೆ ಬಂತು. ಮತ್ತೆ ಕೋಟೆ ಕಂಡಿತು. "ಈಗ ಹೇಳು, ಅದು ಯಾರ ಕೋಟೆ?" ಎಂದೆ. ಮಗ ಕಿಟಕಿಯಿಂದ ಮುಖ ತಿರುಗಿಸದೆ, "ಕೊಪ್ಪಳದ್ದು" ಎಂದ.

ನಿಮ್ಮ ಊರಿನಲ್ಲೂ ಒಂದು ಕೋಟೆಯೋ, ಕೆರೆಯೋ, ಶಾಸನದ ಕಲ್ಲೋ ಇದ್ದೇ ಇರುತ್ತದೆ. ಮುಂದಿನ ರಜೆಯಲ್ಲಿ ಮಕ್ಕಳಿಗೆ ಒಂದು ಹಳೆಯ ಚಾದರ, ನಾಲ್ಕು ರಟ್ಟು, ಮೂರು ಪ್ರಶ್ನೆ ಕೊಟ್ಟು ನೋಡಿ. ಅದಕ್ಕೂ ಮೊದಲು ಮನೆಯ ಹಿರಿಯರನ್ನು ಒಮ್ಮೆ ಮಾತಾಡಿಸಿ. ಅವರು ಇರುವಾಗಲೇ ಕೇಳಿಬಿಡಬೇಕು.